ನಾಲ್ಕನೇ ಜ್ವರ ಮತ್ತು ಎಸ್ಸೆಸ್ಸೆಲ್ಸಿ: ಶಿಡ್ಲಘಟ್ಟದ ಒಂದು ಪ್ರಕರಣ

ಇದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಸಹಾಯಕಿಯೊಬ್ಬರ ಪ್ರಕರಣ. ಅವರ ಹೆಸರನ್ನೂ ಊರಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಾನು ಅವರನ್ನು ಕರೆಯುವುದು ಅಕ್ಕ ಅಂತ, ಇಲ್ಲೂ ಹಾಗೇ ಇರಲಿ. 1998ರಲ್ಲಿ 9ನೇ ತರಗತಿಗೇ ಶಾಲೆ ಬಿಟ್ಟವರು ಅವರು. 2025ರ ಮಾರ್ಚ್‌ನಲ್ಲಿ, 41ನೇ ವಯಸ್ಸಿಗೆ, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತರು. ನಾನು ಪಕ್ಕದ ಊರಿನ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. 2024ರ ಜೂನ್‌ನಿಂದ ಅವರಿಗೆ ಪಾಠ ಹೇಳಿಕೊಟ್ಟೆ. ಆ ತಿಂಗಳುಗಳಲ್ಲಿ ನಾನು ಮಾಡಿದ ತಪ್ಪುಗಳನ್ನೂ ಬಿಡದೆ ಬರೆಯುತ್ತಿದ್ದೇನೆ. ದೊಡ್ಡವರಿಗೆ ಪಾಠ ಹೇಳಲು ಹೊರಟ ಬೇರೆಯವರು ಅದೇ ತಪ್ಪು ಮಾಡಬಾರದು, ಅದಕ್ಕೆ.

ಅಕ್ಕ ಸಹಾಯಕಿಯಾಗಿ ಸೇರಿದ್ದು 2014ರಲ್ಲಿ. ಬೆಳಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಗುಡಿಸುವುದು, ಅಡುಗೆ, ಹಾಲು, ಗರ್ಭಿಣಿಯರ ಊಟ, ಎಲ್ಲ ಅವರದೇ. ಕಾರ್ಯಕರ್ತೆಗೆ ನಿವೃತ್ತಿ ಹತ್ತಿರ ಬಂದಿತ್ತು. ಫೋನಿನ ಪೋಷಣ್ ಟ್ರ್ಯಾಕರ್‌ನಲ್ಲಿ ಮಕ್ಕಳ ತೂಕ, ಎತ್ತರ ತುಂಬಲು ಅವರು ಅಕ್ಕನನ್ನೇ ಕೂರಿಸಿಕೊಳ್ಳುತ್ತಿದ್ದರು. ಅಂದರೆ ಕಾರ್ಯಕರ್ತೆಯ ಕೆಲಸದಲ್ಲಿ ಅರ್ಧ ಅಕ್ಕನ ಕೈಗೆ ಆಗಲೇ ಬಂದಿತ್ತು. ಹುದ್ದೆ ಮಾತ್ರ ಬರುವ ಹಾಗಿರಲಿಲ್ಲ. 2022ರ ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0 ಮಾರ್ಗಸೂಚಿಯಲ್ಲಿ ಕಾರ್ಯಕರ್ತೆಗೆ 12ನೇ ತರಗತಿ, ಸಹಾಯಕಿಗೆ 10ನೇ ತರಗತಿ ಅಂತ ಇದೆ. ಐದು ವರ್ಷ ಕೆಲಸ ಮಾಡಿದ ಸಹಾಯಕಿಯರಿಗೆ ಬಡ್ತಿಯ ದಾರಿಯೂ ಇದೆ, ಆದರೆ ಓದು ಇರಬೇಕು. ಅಕ್ಕ ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟೇ: "ಸಾರ್, ನಾನು ಎತ್ತಿ ಆಡಿಸಿದ ಹುಡುಗಿ ನಾಳೆ ನನಗೆ ಮೇಡಂ ಆಗಿ ಬರ್ತಾಳೆ. ಬರಲಿ, ಬೇಜಾರಿಲ್ಲ. ಆದ್ರೆ ನಾನೂ ಒಂದು ಸಲ ನೋಡ್ತೀನಿ."

ಕಾಗದ ಪತ್ರ

ಪಾಠಕ್ಕಿಂತ ಮೊದಲು ಟಿಸಿ ಬೇಕಿತ್ತು. ಅಕ್ಕ ಓದಿದ್ದು ತವರಲ್ಲಿ, ಕೈವಾರದ ಕಡೆ. ಶಾಲೆಗೆ ಮೂರು ಸಲ ಅಲೆದರು. ಒಂದು ಸಲ ಹಳೇ ದಾಖಲಾತಿ ಪುಸ್ತಕ ಸಿಗಲಿಲ್ಲ ಅಂದರು. ಇನ್ನೊಂದು ಸಲ ಹೆಡ್‌ಮಾಸ್ಟರ್ ಇರಲಿಲ್ಲ. ಒಂದೊಂದು ಸಲಕ್ಕೂ ಒಂದು ದಿನದ ರಜೆ, ಎರಡು ಬಸ್ಸು. ನಾಲ್ಕನೇ ಸಲ ನಾನೇ ಜೊತೆಗೆ ಹೋದೆ. ಹತ್ತು ನಿಮಿಷದಲ್ಲಿ ಪುಸ್ತಕ ಸಿಕ್ಕಿತು. ಮೇಷ್ಟ್ರು ಜೊತೆಗಿದ್ದರೆ ಸಿಗುವ ಪುಸ್ತಕ ಅಕ್ಕ ಒಬ್ಬರೇ ಹೋದಾಗ ಯಾಕೆ ಸಿಗಲಿಲ್ಲ? ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ದೊಡ್ಡವರು ಓದನ್ನು ಅರ್ಧಕ್ಕೆ ಬಿಡುವುದು ಪುಸ್ತಕದ ಮುಂದೆ ಅಲ್ಲ, ಇಂಥ ಕಿಟಕಿಗಳ ಮುಂದೆ.

ಪುಸ್ತಕದಲ್ಲಿ ಹುಟ್ಟಿದ ದಿನ 1-6-1983 ಅಂತಿತ್ತು. ನಮ್ಮ ಕಡೆ ಆ ಕಾಲದ ಅರ್ಧ ಮಕ್ಕಳ ಹುಟ್ಟುಹಬ್ಬ ಜೂನ್ 1. ಶಾಲೆ ಶುರುವಾಗುವ ತಿಂಗಳು ನೋಡಿ ಮೇಷ್ಟ್ರು ಬರೆದುಕೊಂಡಿದ್ದು. ಆಧಾರ್‌ನಲ್ಲಿ 1-1-1984. ಅಲ್ಲಿ ಬರೀ ವರ್ಷ ಹೇಳಿದವರಿಗೆ ಜನವರಿ 1 ಬೀಳುತ್ತದೆ. ಶಾಲೆಯಲ್ಲಿ ಹೆಸರಿನ ಜೊತೆ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಯಾವುದನ್ನು ಹಿಡಿಯುವುದು? ಅಂಗನವಾಡಿಗೆ ಸೇರುವಾಗ ಕೊಟ್ಟಿದ್ದು ಶಾಲೆಯ ದಾಖಲೆಯೇ. ಹಾಗಾಗಿ ಶಾಲೆಯದನ್ನೇ ಹಿಡಿದೆವು. ಮುಂದೆ ಅಂಕಪಟ್ಟಿ ಬಂದ ಮೇಲೆ ಅದನ್ನೇ ತೋರಿಸಿ ಆಧಾರ್ ತಿದ್ದಿಸುವುದು ಅಂತ ತೀರ್ಮಾನ. ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಲು ಸಿಗುವುದು ಸಾಮಾನ್ಯವಾಗಿ ಒಂದೇ ಅವಕಾಶ. ಅವಸರ ಮಾಡದೆ ಇದ್ದದ್ದು ಒಳ್ಳೆಯದಾಯಿತು.

ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯ ಬಗ್ಗೆಯೂ ಯೋಚಿಸಿದೆವು. ದೊಡ್ಡವರಿಗೆ ಅದು ತುಂಬಾ ಅನುಕೂಲದ ವ್ಯವಸ್ಥೆ. ಐದು ವಿಷಯ ಸಾಕು, ಗಣಿತ ಬೇಡವೆಂದರೆ ಬಿಡಬಹುದು. ಒಂದು ಸಲ ನೋಂದಣಿಯಾದರೆ ಐದು ವರ್ಷ ಅವಕಾಶ, ಪಾಸಾದ ವಿಷಯ ಹಾಗೇ ಉಳಿಯುತ್ತದೆ. ವರ್ಷಕ್ಕೆ ಎರಡು ಪರೀಕ್ಷೆ. ಆದರೆ ಅಕ್ಕ ಬೇಡ ಅಂದರು. ಮಗಳು ಓದಿದ ಪುಸ್ತಕ, ನೋಟ್ಸು ಮನೆಯಲ್ಲೇ ಇದ್ದವು. ಸಂಶಯ ಬಂದರೆ ಕೇಳಲು ಊರಲ್ಲಿ ಹತ್ತಾರು ಮಕ್ಕಳಿದ್ದರು, ಎಲ್ಲರೂ ಓದುತ್ತಿದ್ದದ್ದು ಅದೇ ಪುಸ್ತಕ. ಸುತ್ತ ಇರುವವರು ಓದುವುದನ್ನೇ ಓದುವುದು ಸುಲಭ ಅನ್ನುವುದು ಅವರ ಲೆಕ್ಕ. ಅದು ಸರಿಯಾದ ಲೆಕ್ಕ ಅಂತ ಆಮೇಲೆ ನನಗೆ ಗೊತ್ತಾಯಿತು. ಆದರೆ ಬೇರೆ ಮನೆ, ಬೇರೆ ಊರಿಗೆ ಇದೇ ಸರಿ ಅಂತ ಹೇಳಲಾರೆ. ಪುಸ್ತಕವೂ ಇಲ್ಲ, ಕೇಳುವವರೂ ಇಲ್ಲ ಅಂದರೆ ನಾನೇ ಎನ್‌ಐಒಎಸ್ ಹೇಳುತ್ತೇನೆ.

ಚಾಳೀಸು

ಮೊದಲ ಎರಡು ತಿಂಗಳು ತುಂಬಾ ಕಷ್ಟವಾಯಿತು. ರಾತ್ರಿ ಎಂಟೂವರೆಗೆ ಪಾಠ. ಅಕ್ಕ ಒಂದು ಪುಟ ಓದುವಷ್ಟರಲ್ಲಿ ಸುಸ್ತಾಗುತ್ತಿದ್ದರು. ಒಂದೇ ಸಾಲನ್ನು ಎರಡು ಸಲ ಓದುತ್ತಿದ್ದರು. ಲೆಕ್ಕದಲ್ಲಿ 3 ಇದ್ದದ್ದು ಅವರ ನೋಟ್ ಪುಸ್ತಕದಲ್ಲಿ 8 ಆಗುತ್ತಿತ್ತು. ತಲೆನೋವು ಅನ್ನುತ್ತಿದ್ದರು. ಇಷ್ಟು ವರ್ಷ ಬಿಟ್ಟಿದ್ದಕ್ಕೆ ಗಮನ ನಿಲ್ಲುತ್ತಿಲ್ಲ, ಅಭ್ಯಾಸ ಆಗಬೇಕು ಅಂದುಕೊಂಡೆ. ಇನ್ನೂ ಜಾಸ್ತಿ ಓದಿಸಿದೆ. ಆಗಸ್ಟ್ ಹೊತ್ತಿಗೆ ಅಕ್ಕನೇ "ನನ್ನ ತಲೆಗೆ ಇದು ಹತ್ತಲ್ಲ ಸಾರ್" ಅಂದುಬಿಟ್ಟರು.

ಒಂದು ಭಾನುವಾರ ಹಗಲು ಪಾಠ ಇತ್ತು. ಹೊರಗೆ ಜಗಲಿ ಮೇಲೆ ಕೂತಿದ್ದೆವು. ಅಕ್ಕ ಪುಸ್ತಕವನ್ನು ಕೈ ಚಾಚಿ ದೂರ ಹಿಡಿದು, ಸರಾಗವಾಗಿ ಓದಿದರು. ಅಕ್ಕನ ಅತ್ತೆ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ಅವಳಿಗೆ ಚಾಳೀಸು ಬಂದೈತೆ. ಎರಡು ವರ್ಷದಿಂದ ಸೂಜಿಗೆ ದಾರ ಪೋಣಿಸೋಕೆ ನನ್ನ ಮೊಮ್ಮಗಳನ್ನ ಕೂಗ್ತಾಳೆ."

ನಾನು ಓದಿಸುವ ಮೇಷ್ಟ್ರು. ಎರಡು ತಿಂಗಳು ಎದುರಿಗೇ ಕೂತಿದ್ದೆ. ನನಗೆ ಹೊಳೆಯಲಿಲ್ಲ. ಹದಿನೈದು ವರ್ಷದ ಮಕ್ಕಳಿಗೆ ಪಾಠ ಮಾಡಿ ಅಭ್ಯಾಸವಾದವನಿಗೆ ನಲವತ್ತರ ಕಣ್ಣಿನ ನೆನಪೇ ಬರುವುದಿಲ್ಲ. ಆ ವಾರವೇ ಕಣ್ಣು ತೋರಿಸಿದರು. ಕನ್ನಡಕ ಬಂತು. ನಡುಮನೆಯ ಮಂಕು ಬಲ್ಬು ತೆಗೆದು, ಕೂರುವ ಜಾಗದ ಮೇಲೇ ಒಂದು ಎಲ್‌ಇಡಿ ಹಾಕಿದೆವು. ಓದಿದ್ದು ನಿಲ್ಲತೊಡಗಿತು. 3 ಮತ್ತೆ 8 ಆಗಲಿಲ್ಲ.

ಹತ್ತನೇ ತರಗತಿ ವಿಜ್ಞಾನದಲ್ಲಿ ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತು ಅಂತ ಒಂದು ಪಾಠ ಇದೆ. ವಯಸ್ಸಾದಂತೆ ಕಣ್ಣಿನ ಮಸೂರ ಬಿಗಿಯಾಗುತ್ತದೆ, ಅದನ್ನು ಹಿಡಿದಿರುವ ಸ್ನಾಯು ಸೋಲುತ್ತದೆ, ಹತ್ತಿರದ್ದು ಮಸುಕಾಗುತ್ತದೆ ಅಂತ ಅದರಲ್ಲೇ ಬರುತ್ತದೆ. ಪುಸ್ತಕದ ಹೆಸರು ಪ್ರೆಸ್ಬಯೋಪಿಯ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಅಕ್ಕನಿಗೆ ಬಾಯಿಪಾಠ ಬೇಕಾಗಲಿಲ್ಲ. "ಇದು ಅತ್ತೆ ಹೇಳಿದ್ದು" ಅಂತ ಪುಟದ ಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡರು.

ಕಣ್ಣಿನ ನಂತರ ಕೈ. ಇದನ್ನೂ ಯಾರೂ ಮೊದಲೇ ಹೇಳುವುದಿಲ್ಲ. ಅಕ್ಕ ಇಪ್ಪತ್ತಾರು ವರ್ಷ ಬರೆದದ್ದು ಸಹಿ, ಹಾಜರಿ, ದಿನಸಿ ಚೀಟಿ. ಹತ್ತು ನಿಮಿಷಕ್ಕೆ ಆರು ಸಾಲು ಬರೆಯುತ್ತಿದ್ದರು. ಹೆಚ್ಚಿನ ಪರೀಕ್ಷೆಗಳಿಗೆ ಸಿಗುವುದು ಓದಿಕೊಳ್ಳುವ ಹದಿನೈದು ನಿಮಿಷ ಸೇರಿ 3 ಗಂಟೆ 15 ನಿಮಿಷ. ಖಾಸಗಿ ಅಭ್ಯರ್ಥಿಗೆ ಶಾಲೆಯ ಆಂತರಿಕ ಅಂಕ ಇರುವುದಿಲ್ಲ. ಶಾಲೆಯ ಮಕ್ಕಳು 80 ಅಂಕಕ್ಕೆ ಬರೆದರೆ ಇವರು 100ಕ್ಕೆ ಬರೆಯಬೇಕು. ಮೊದಲ ಭಾಷೆ 125ಕ್ಕೆ. ಗೊತ್ತಿದ್ದರೂ ಕೈ ಓಡದಿದ್ದರೆ ಏನು ಮಾಡುವುದು? ಹಾಗಾಗಿ ಸೆಪ್ಟೆಂಬರ್‌ನಿಂದ ದಿನಾ ಒಂದು ಪುಟ ನಕಲು ಬರಹ. ಪಾಠವೇ ಆಗಬೇಕೆಂದಿಲ್ಲ, ಪೇಪರ್‌ನ ಸುದ್ದಿ, ಅಡುಗೆ, ಏನಾದರೂ ಸರಿ. ಫೆಬ್ರವರಿಗೆ ಹತ್ತು ನಿಮಿಷಕ್ಕೆ ಹದಿನೈದು ಸಾಲು ಬಂತು. ಸದಾ ನೆಲದ ಮೇಲೆ ಕೂತು ಅಭ್ಯಾಸವಾದವರು, ಬೆಂಚಿನ ಮೇಲೆ ಮೂರು ಗಂಟೆ ಕೂತರೆ ಸೊಂಟ ಹಿಡಿಯುತ್ತದೆ. ಭಾನುವಾರ ನಮ್ಮ ಶಾಲೆಯ ಬೆಂಚಿನಲ್ಲೇ ಕೂರಿಸಿ ಬರೆಸಿದೆ.

ಲೆಕ್ಕ

ಇಡೀ ಗಣಿತ ಪುಸ್ತಕ ಮುಗಿಸುವ ಹಟವನ್ನು ನಾನು ಬಿಟ್ಟೆ. ಪಾಸಾಗಲು ಆಗ 35 ಬೇಕಿತ್ತು. ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ಸಂಭವನೀಯತೆ, ಎರಡು ಚರಾಕ್ಷರಗಳ ಸಮೀಕರಣ, ಥೇಲ್ಸ್ ಪ್ರಮೇಯ, ನಿರ್ದೇಶಾಂಕದ ಸೂತ್ರಗಳು. ಇಷ್ಟನ್ನು ಗಟ್ಟಿ ಮಾಡಿದೆವು.

ಸಂಖ್ಯಾಶಾಸ್ತ್ರದ ದಿನ ನನಗೆ ಚೆನ್ನಾಗಿ ನೆನಪಿದೆ. ಸರಾಸರಿ ಹೇಳಿಕೊಡಬೇಕಿತ್ತು. ರೇಷ್ಮೆ ಗೂಡಿನ ಲೆಕ್ಕ ತೆಗೆದುಕೊಂಡೆ. ಒಂದು ಲಾಟು 30 ಕೆಜಿ, ಕೆಜಿಗೆ 500 ರೂಪಾಯಿ. ಇನ್ನೊಂದು ಲಾಟು 20 ಕೆಜಿ, ಕೆಜಿಗೆ 450. ಸರಾಸರಿ ರೇಟು ಎಷ್ಟು? ನನ್ನ ಶಾಲೆಯ ಮಕ್ಕಳಲ್ಲಿ ಮುಕ್ಕಾಲು ಪಾಲು 475 ಅನ್ನುತ್ತಾರೆ. ಅಕ್ಕ ಪೆನ್ನು ಮುಟ್ಟದೆ ಹೇಳಿದರು: "ನಾನ್ನೂರ ಎಂಬತ್ತು. ಒಳ್ಳೇ ಗೂಡೇ ಜಾಸ್ತಿ ಇದೆಯಲ್ಲಾ ಸಾರ್." ಪುಸ್ತಕದಲ್ಲಿ ಆವೃತ್ತಿಯನ್ನು ಬೆಲೆಯಿಂದ ಗುಣಿಸಿ, ಕೂಡಿ, ಒಟ್ಟು ಆವೃತ್ತಿಯಿಂದ ಭಾಗಿಸಿ ಅಂತ ಇರುವುದು ಇದೇ. ಅವರು ಅದನ್ನು ವರ್ಷಗಟ್ಟಲೆ ಮಾರುಕಟ್ಟೆಯಲ್ಲಿ ಮಾಡುತ್ತಲೇ ಬಂದಿದ್ದರು. ಕೋಷ್ಟಕ ಹಾಕುವುದನ್ನು ಮಾತ್ರ ಕಲಿಸಬೇಕಾಗಿತ್ತು.

ಶ್ರೇಢಿಗೆ ಸ್ತ್ರೀಶಕ್ತಿ ಸಂಘದ ಉಳಿತಾಯ. ಮೊದಲ ವಾರ 100, ಆಮೇಲೆ ವಾರಕ್ಕೆ 20 ಜಾಸ್ತಿ. 12 ವಾರಕ್ಕೆ ಎಷ್ಟು? ಮೊದಲ ವಾರದ 100, ಕೊನೆ ವಾರದ 320, ಕೂಡಿದರೆ 420. ಎರಡನೆಯದು ಮತ್ತು ಕೊನೆಯಿಂದ ಎರಡನೆಯದು, ಮತ್ತೆ 420. ಇಂಥ ಆರು ಜೋಡಿ. 2520. ಸೂತ್ರ ಆಮೇಲೆ ಬಂತು, ಅದೂ ಬೇಗ ಬಂತು. ಆದರೆ ಎಲ್ಲವೂ ಹೀಗೆ ಸಲೀಸಾಗಿ ಆಗಲಿಲ್ಲ. ಬಹುಪದೋಕ್ತಿಗೆ ಊರಿನ ಯಾವ ಉದಾಹರಣೆಯೂ ಹೊಂದಲಿಲ್ಲ. ಎಕ್ಸ್ ವರ್ಗ ಅಂದ ಕೂಡಲೇ ಅಕ್ಕನ ಮುಖ ಮುಚ್ಚಿಕೊಳ್ಳುತ್ತಿತ್ತು. ಅಲ್ಲಿ ಸುಮ್ನೆ ಮಾದರಿ ಲೆಕ್ಕ ಹತ್ತು ಸಲ ಮಾಡಿಸಿದೆ. ಬೇರೆ ದಾರಿ ನನಗೆ ಸಿಗಲಿಲ್ಲ.

ಹುಳ ಮನೆ

ಈ ಪ್ರಕರಣದ ನಿಜವಾದ ಕಗ್ಗಂಟು ಇದು.

ಅಕ್ಕನ ಮನೆ ರೇಷ್ಮೆ ಬೆಳೆಯುವ ಮನೆ. ಒಂದೂವರೆ ಎಕರೆ ಹಿಪ್ಪುನೇರಳೆ. ಎರಡನೇ ಜ್ವರ ಎದ್ದ ಚಾಕಿ ಹುಳು, ಅಂದರೆ ಮರಿ ಹುಳು, ತರುತ್ತಾರೆ. ಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಒಟ್ಟು ನಾಲ್ಕು ಜ್ವರ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳುವಿನ ಹಸಿವು ಕೇಳಬೇಡಿ. ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಆಗಲೇ ತಿನ್ನುತ್ತದೆ. ಮನೆಮಂದಿಯೆಲ್ಲ ಸೊಪ್ಪು ಕಡಿಯಬೇಕು, ಹೊರಬೇಕು, ಹಾಕಬೇಕು. ಹುಳು ಹಣ್ಣಾದ ದಿನ ಚಂದ್ರಿಕೆಗೆ, ಅಂದರೆ ಅದು ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು, ತಡವಾದರೆ ನೂಲು ಹಾಳು. ಐದಾರು ದಿನ ಬಿಟ್ಟು ಗೂಡು ಬಿಡಿಸಿ, ಶಿಡ್ಲಘಟ್ಟ ಮಾರುಕಟ್ಟೆಗೆ.

ಪರೀಕ್ಷೆಯ ವೇಳಾಪಟ್ಟಿ ಬರುವ ಮೊದಲೇ ಅತ್ತೆ ಕೇಳಿದ್ದರು: "ಓದೋದು ಬೇಡ ಅನ್ನಲ್ಲ ಮೇಷ್ಟ್ರೇ. ಹುಳ ನಾಲ್ಕನೇ ಜ್ವರ ಎದ್ದಾಗ ಇವಳು ಪುಸ್ತಕ ಹಿಡಿದು ಕೂತ್ರೆ ಸೊಪ್ಪು ಯಾರು ಕಡೀತಾರೆ?" ನನಗೆ ಅದು ಅಡ್ಡಿ ಮಾಡುವ ಮಾತಾಗಿ ಕೇಳಿಸಿತು. ಸೊಸೆ ಓದುವುದು ಅವರಿಗೆ ಇಷ್ಟವಿಲ್ಲ ಅಂದುಕೊಂಡೆ. ನನ್ನ ಎರಡನೇ ತಪ್ಪು ಅದು. ಅವರು ಕೇಳಿದ್ದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಇಲ್ಲದೆ ಓದು ನಡೆಯುತ್ತಿರಲಿಲ್ಲ.

ನವೆಂಬರ್‌ನಲ್ಲಿ ಮೂವರೂ ಕ್ಯಾಲೆಂಡರ್ ಹಿಡಿದು ಕೂತೆವು. ಎಂದಿನಂತೆ ಹೋದರೆ ಜನವರಿ ಮೊದಲಲ್ಲಿ ಒಂದು ಬೆಳೆ, ಮಾರ್ಚ್ ಮಧ್ಯಕ್ಕೆ ಇನ್ನೊಂದು. ಅಂದರೆ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ನಾಲ್ಕನೇ ಜ್ವರ. ಮಾರ್ಚ್ ಬೆಳೆಯನ್ನು ಮುಂದೆ ಹಾಕಿದರೆ ಸೊಪ್ಪು ಬಲಿತುಹೋಗುತ್ತದೆ. ಹಿಂದಕ್ಕೆ ಎಳೆದರೆ ಸೊಪ್ಪು ಇನ್ನೂ ಎಳಸು. ಗಿಡ ಕಡಿದ ಮೇಲೆ ಒಳ್ಳೆಯ ಸೊಪ್ಪಿಗೆ ಎರಡು ತಿಂಗಳ ಹತ್ತಿರ ಬೇಕು. ದಾರಿ ತೋರಿಸಿದವರು ಅತ್ತೆಯೇ. ಮಾರ್ಚ್‌ದನ್ನು ಸರಿ ಮಾಡಬೇಕಾದರೆ ಜನವರಿಯದನ್ನು ಮೊದಲು ಸರಿಸಬೇಕು. ಚಳಿಯಲ್ಲಿ ಹುಳು ನಿಧಾನ, ಮನೆ ಬೆಚ್ಚಗಿಡಬೇಕು, ಅದು ತಮ್ಮ ಜವಾಬ್ದಾರಿ ಅಂದರು. ಚಾಕಿ ಡಿಸೆಂಬರ್ 20ಕ್ಕೇ ಬಂತು. ಮುಂದಿನ ಚಾಕಿ ಫೆಬ್ರವರಿ 22ಕ್ಕೆ. ಮಾರ್ಚ್ 12ಕ್ಕೆ ಹುಳು ಚಂದ್ರಿಕೆಗೆ ಹೋಯಿತು. 19ಕ್ಕೆ ಗೂಡು ಮಾರಾಟ. 21ಕ್ಕೆ ಕನ್ನಡ ಪರೀಕ್ಷೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು 1935ರಲ್ಲಿ ಹುಡುಗನಾಗಿದ್ದಾಗ ಓದಲು ಬೆಂಗಳೂರಿಗೆ ನಡೆದೇ ಹೋದರು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಈ ಕಥೆ ಹೇಳದ ಮೇಷ್ಟ್ರಿಲ್ಲ. ನಾನೂ ಅಕ್ಕನಿಗೆ ಹೇಳಿದ್ದೆ. "ದೊಡ್ಡವರು ಅವರು" ಅಂದರು ಅಕ್ಕ. ಸ್ವಲ್ಪ ಹೊತ್ತಿನ ಮೇಲೆ, "ನಡೆದು ಹೋಗೋಕೆ ನಂಗೆ ಆಗಲ್ವಲ್ಲ ಸಾರ್, ಇಲ್ಲೇ ಕೂತು ಓದ್ಬೇಕು" ಅಂದರು. ಆಮೇಲೆ ಆ ಕಥೆಯನ್ನು ಅವರಿಗೆ ನಾನು ಹೇಳಲಿಲ್ಲ. ಮನೆ ಬಿಟ್ಟು ಹೋಗಿ ಓದುವುದು ಒಂದು ಬಗೆ. ಮನೆಯನ್ನು ಹೊತ್ತುಕೊಂಡೇ ಓದುವುದು ಬೇರೆಯೇ ಬಗೆ.

ಸಮಾಜ ವಿಜ್ಞಾನಕ್ಕೆ ಕೂರಲು ಸಮಯವೇ ಇರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುವ ಮಗಳು ಒಂದೊಂದು ಪಾಠವನ್ನೂ ಓದಿ ವಾಟ್ಸಾಪ್‌ನಲ್ಲಿ ದನಿ ಕಳಿಸುತ್ತಿದ್ದಳು. ಅಕ್ಕ ಸೊಪ್ಪು ಹಾಕುತ್ತಾ ಕೇಳುತ್ತಿದ್ದರು. ಮನೆಮಾತು ತೆಲುಗು, ಮಗಳು ಮಧ್ಯೆ ಮಧ್ಯೆ ತೆಲುಗಿನಲ್ಲೇ ಬಿಡಿಸಿ ಹೇಳುತ್ತಿದ್ದಳು. ಅದರಿಂದಾದ ಲಾಭ ತುಂಬಾ ದೊಡ್ಡದು.

ಪರೀಕ್ಷೆ, ಫಲಿತಾಂಶ, ಹಿಂದಿ

ಮಾರ್ಚ್ 21 ಕನ್ನಡ, 24 ಗಣಿತ, 26 ಇಂಗ್ಲಿಷ್, 29 ಸಮಾಜ. ಮರುದಿನ, 30ಕ್ಕೆ, ಯುಗಾದಿ. ಏಪ್ರಿಲ್ 2 ವಿಜ್ಞಾನ. ಹಬ್ಬದ ದಿನ ಸೊಸೆ ಒಲೆ ಮುಂದೆ ಇಲ್ಲದ ಮನೆ ನಮ್ಮ ಕಡೆ ಇರುವುದಿಲ್ಲ. ಆ ವರ್ಷ ಒಬ್ಬಟ್ಟು ತಟ್ಟಿದ್ದು ಅಕ್ಕನ ಗಂಡ ಮತ್ತು ಮಗಳು. ಅಕ್ಕ ಬೇವು ಬೆಲ್ಲ ತಿಂದು ಕಣ್ಣಿನ ಚಿತ್ರ ಬಿಡಿಸುತ್ತಾ ಕೂತಿದ್ದರು. ಏಪ್ರಿಲ್ 4ಕ್ಕೆ ಹಿಂದಿ. ಪರೀಕ್ಷೆ ಮುಗಿಯಿತು.

ಮೇ 2ಕ್ಕೆ ಫಲಿತಾಂಶ. ಕನ್ನಡ 71, ಸಮಾಜ 63, ಗಣಿತ 52, ವಿಜ್ಞಾನ 46, ಇಂಗ್ಲಿಷ್ 39. ಹಿಂದಿ 27. ಫೇಲ್.

ಇದು ನನ್ನ ಮೂರನೇ ತಪ್ಪು, ಎಲ್ಲಕ್ಕಿಂತ ದೊಡ್ಡದು. ಗಣಿತ, ಇಂಗ್ಲಿಷ್‌ನ ಭಯದಲ್ಲಿ ಹಿಂದಿಯನ್ನು ಕೊನೆಗೆ ನೋಡೋಣ ಅಂತ ತಳ್ಳಿದ್ದೆ. ಕೊನೆ ಅನ್ನುವುದು ಬರಲೇ ಇಲ್ಲ. ಅಕ್ಕ ಅಳಲಿಲ್ಲ. ಆದರೆ ಎರಡು ದಿನ ಪಾಠದ ಜಾಗದಲ್ಲಿ ಕೂರಲಿಲ್ಲ. ಮೂರನೇ ದಿನ ನಾನೇ ಹೋಗಿ, ತಪ್ಪು ನಂದು ಅಕ್ಕ, ಅಂದೆ. ಇದನ್ನು ಹೇಳುವುದು ಮುಖ್ಯ. ಇಲ್ಲದಿದ್ದರೆ ಅವರು ಮತ್ತೆ "ನನ್ನ ತಲೆಗೆ ಹತ್ತಲ್ಲ" ಅನ್ನುವಲ್ಲಿಗೇ ಹೋಗುತ್ತಾರೆ.

ಆ ವರ್ಷ ಮೂರು ಪರೀಕ್ಷೆ ಇದ್ದದ್ದು ಇಂಥವರಿಗೆ ನಿಜವಾದ ವರ. ಫೇಲಾದ ವಿಷಯ ಒಂದನ್ನೇ ಬರೆದರೆ ಸಾಕು. ಪರೀಕ್ಷೆ-2 ಮೇ 26ಕ್ಕೆ ಶುರು. ನಮಗೆ ಸಿಕ್ಕಿದ್ದು 24 ದಿನ. ಕೂತು ನೋಡಿದಾಗ ಗೊತ್ತಾಯಿತು, ಅಕ್ಕನಿಗೆ ಹಿಂದಿ ಅರ್ಥವಾಗುತ್ತಿತ್ತು. ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್‌ಗಳ ಜೊತೆ ಗೂಡಿನ ವ್ಯವಹಾರ ಮಾಡಿ ಮಾಡಿ ಅವರ ಉರ್ದು ಕಿವಿಗೆ ಬಿದ್ದಿತ್ತು. ಬರದೇ ಇದ್ದದ್ದು ಅಕ್ಷರ. ಕನ್ನಡದ ಕ ಖ ಗ ಘ ಯಾವ ಸಾಲಿನಲ್ಲಿದೆಯೋ ಹಿಂದಿಯದೂ ಅದೇ ಸಾಲು. ಒಂದು ರಟ್ಟಿನ ಮೇಲೆ ಎರಡನ್ನೂ ಪಕ್ಕಪಕ್ಕ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆವು. ಅಂಗನವಾಡಿಗೆ ಮಗುವನ್ನು ಬಿಡಲು ಬರುವ ರೀಲರ್ ಮನೆಯ ತಾಯಿಯೊಬ್ಬರು ಸಂಜೆ ಹೊತ್ತು ಪಾಠ ಓದಿ ಹೇಳಿದರು. ರಜೆ ಕೇಳುವ ಪತ್ರ ಒಂದು, ಪ್ರಬಂಧ ಎರಡು, ಚೆನ್ನಾಗಿ ರೂಢಿ ಮಾಡಿದೆವು. ಜೂನ್‌ನಲ್ಲಿ ಫಲಿತಾಂಶ ಬಂತು. ಹಿಂದಿ 41. ಒಟ್ಟು 625ಕ್ಕೆ 312.

ಕಾರ್ಯಕರ್ತೆ ಹುದ್ದೆ ಅಕ್ಕನಿಗೆ ಇನ್ನೂ ಬಂದಿಲ್ಲ. ಅದಕ್ಕೆ ಪಿಯುಸಿ ಬೇಕು. ಬರುತ್ತದೋ ಇಲ್ಲವೋ ನಾನು ಹೇಳಲಾರೆ. ಆಧಾರ್‌ನಲ್ಲಿ ಹುಟ್ಟಿದ ದಿನ ಮಾತ್ರ ಸರಿಯಾಗಿದೆ. ಅಂಕಪಟ್ಟಿ ತೋರಿಸಲು ನನ್ನ ಮನೆಗೆ ಬಂದಾಗ ಅತ್ತೆಯೂ ಜೊತೆಗಿದ್ದರು. ಕಾಫಿ ಕುಡಿದು ಲೋಟ ಕೆಳಗಿಡುತ್ತಾ ಕೇಳಿದರು, "ಪಿಯುಸಿ ಪರೀಕ್ಷೆ ಯಾವ ತಿಂಗಳು ಮೇಷ್ಟ್ರೇ? ಈಗ್ಲೇ ಹೇಳಿ, ಗಿಡ ಯಾವಾಗ ಕಡೀಬೇಕು ಅಂತ ನೋಡ್ಬೇಕು."